ಬೇಹಾಯ್‌ನ ಸುಂಕದ ಕಟ್ಟೆಯಲ್ಲಿ ಕುಳಿತಿದ್ದವರು ಯಾರ ನೌಕರರು?

ಪ್ರಶ್ನೆ: "ಮಂಗಳೂರು ಬಂದರಿನಲ್ಲಿ ಸುಂಕ ಇಲಾಖೆಯ ನೌಕರಿ ಮುಗಿಸಿ ಈಗ ಹುಬ್ಬಳ್ಳಿಯಲ್ಲಿ ನೆಲೆಸಿದ್ದೇನೆ. ಒಪ್ಪಂದಗಳ ಮೂಲಕ ವಿದೇಶಿ ವ್ಯಾಪಾರಕ್ಕೆ ತೆರೆದ ಚೀನಾದ ‘ಒಪ್ಪಂದದ ಬಂದರು’ಗಳ ಬಗ್ಗೆ ಕನ್ನಡದಲ್ಲಿ ಒಂದು ಚಿಕ್ಕ ಪುಸ್ತಕ ಬರೆಯುವ ಆಸೆಯಿಂದ ಎರಡು ವರ್ಷಗಳಿಂದ ಓದುತ್ತಿದ್ದೇನೆ. ಶಾಂಘೈ ಬಗ್ಗೆ ಬರೆದವರು ಬಹಳ ಮಂದಿ ಇರುವುದರಿಂದ ತೆಂಕಣ ಮೂಲೆಯ ಬೇಹಾಯ್ ಎಂಬ ಸಣ್ಣ ಬಂದರನ್ನು ಆರಿಸಿಕೊಂಡೆ. ಓದಿದಷ್ಟೂ ಗೊಂದಲ ಹೆಚ್ಚುತ್ತಿದೆ. ವಿದೇಶಿ ವರ್ತಕರು ಬೆರಳೆಣಿಕೆಯಷ್ಟು, ಆದರೆ ಕಾನ್ಸಲ್ ಕಚೇರಿಗಳು ಒಂದಕ್ಕಿಂತ ಹೆಚ್ಚು. ಸುಂಕದ ಕಮಿಷನರ್ ಯುರೋಪಿನವನು, ಸಂಬಳ ಕೊಡುವುದು ಚೀನಾ ಸರ್ಕಾರ. ಹೀಗಿದ್ದರೆ ಇದನ್ನು ‘ಬ್ರಿಟಿಷರು ಆಳಿದ ಬಂದರು’ ಎಂದು ಬರೆಯಬಹುದೇ? ಚೀನೀ ಅಧಿಕಾರಿಗಳು ಸುಮ್ಮನೆ ಕೈಕಟ್ಟಿ ಕುಳಿತಿದ್ದರೇ? ವ್ಯಾಪಾರದ ಮೊತ್ತ ಪೌಂಡಿನಲ್ಲಿ ನೋಡಿದರೆ ಒಂದು ಕಥೆ, ಚೀನಾದ ಬೆಳ್ಳಿಯ ಲೆಕ್ಕವಾದ ಟೇಲ್‌ನಲ್ಲಿ ನೋಡಿದರೆ ಇನ್ನೊಂದು ಕಥೆ ಹೇಳುತ್ತದೆ, ಯಾವುದನ್ನು ನಂಬಲಿ? ಚೀನೀ ಭಾಷೆ ಬಾರದ ನಾನು ಇದಕ್ಕೆ ಕೈಹಾಕುವುದು ಸರಿಯೇ?"

ಉತ್ತರ: ನೀವು ನಾಲ್ಕು ಪ್ರಶ್ನೆ ಕೇಳಿದ್ದೀರಿ, ಆದರೆ ಗೊಂದಲದ ಬೇರು ಒಂದೇ ಎಂದು ನನಗೆ ಅನ್ನಿಸುತ್ತದೆ. ಕಚೇರಿಯಲ್ಲಿ ವಿದೇಶಿಯರು ಕುಳಿತಿದ್ದರೆ ವ್ಯಾಪಾರವೂ ಅವರದೇ, ಆಡಳಿತವೂ ಅವರದೇ ಆಗಿರಬೇಕು ಎಂಬ ಎಣಿಕೆಯನ್ನು ನಾವೆಲ್ಲ ಶಾಂಘೈ ಕುರಿತ ಓದಿನಿಂದ ಕಲಿತಿದ್ದೇವೆ. ಅಲ್ಲಿ ವಿದೇಶಿ ವಸಾಹತು ಇತ್ತು, ಅದಕ್ಕೆ ಸ್ವಂತ ಪುರಸಭೆ ಇತ್ತು, ಸಿಖ್ ಪೊಲೀಸರೂ ಇದ್ದರು. ಆ ಚಿತ್ರವನ್ನು ಕುಗ್ಗಿಸಿ ಬೇಹಾಯ್ ಮೇಲೆ ಇಟ್ಟರೆ ಒಂದು ಅಂಚೂ ಕೂಡುವುದಿಲ್ಲ. ಸಣ್ಣ ಬಂದರುಗಳಲ್ಲಿ ‘ವಿದೇಶಿ ವ್ಯಾಪಾರ’ ಎಂದರೆ ವಿದೇಶಿಯರು ಮಾಡಿದ ವ್ಯಾಪಾರ ಎಂದು ಅರ್ಥವಲ್ಲ. ಒಂದು ನಿರ್ದಿಷ್ಟ ಸುಂಕದ ಕಟ್ಟೆಯ ಮುಂದೆ ಹಾದುಹೋದ ವ್ಯಾಪಾರ ಎಂದು ಅರ್ಥ. ಸರಕಿನ ಒಡೆಯ ಬಹುಪಾಲು ಚೀನೀ ವರ್ತಕನೇ. ಅವನ ಸರಕು ಯಾವ ಮಾದರಿಯ ಹಡಗಿನಲ್ಲಿ ಬಂತು, ಅವನು ಯಾವ ಕಟ್ಟೆಯಲ್ಲಿ ಹಣ ಕಟ್ಟಿದ ಎಂಬುದರ ಮೇಲೆ ಅದು ‘ವಿದೇಶಿ’ ಖಾತೆಗೆ ಸೇರುತ್ತಿತ್ತು. ಈ ಒಂದು ಎಳೆಯನ್ನು ಹಿಡಿದುಕೊಂಡರೆ ನಿಮ್ಮ ಉಳಿದ ಪ್ರಶ್ನೆಗಳೂ ಸಡಿಲವಾಗುತ್ತವೆ.

ಮೊದಲು ಬೇಹಾಯ್ ತೆರೆದ ಬಗೆಯನ್ನು ನೋಡೋಣ. 1842ರ ನಾನ್‌ಜಿಂಗ್ ಒಪ್ಪಂದ ಐದು ದೊಡ್ಡ ಬಂದರುಗಳನ್ನು ತೆರೆಯಿತು. 1858ರ ತಿಯಾನ್‌ಜಿನ್ ಒಪ್ಪಂದ ಆ ಪಟ್ಟಿಯನ್ನು ಬೆಳೆಸಿತು. ಬೇಹಾಯ್ ಈ ಎರಡರಲ್ಲೂ ಇರಲಿಲ್ಲ. 1875ರ ಫೆಬ್ರವರಿಯಲ್ಲಿ ಬರ್ಮಾ ಗಡಿಯ ಹತ್ತಿರ, ಯುನ್ನಾನ್ ಪ್ರಾಂತದಲ್ಲಿ, ಬ್ರಿಟಿಷ್ ಕಾನ್ಸಲ್ ಸೇವೆಯ ದುಭಾಷಿ ಅಗಸ್ಟಸ್ ಮಾರ್ಗರಿಯ ಕೊಲೆಯಾಯಿತು. ಆ ಪ್ರಕರಣವನ್ನು ಹಿಡಿದು ಬ್ರಿಟಿಷ್ ರಾಯಭಾರಿ ಥಾಮಸ್ ವೇಡ್ 1876ರ ಸೆಪ್ಟೆಂಬರ್ 13ರಂದು ಚೀನಾದ ಹಿರಿಯ ಅಧಿಕಾರಿ ಲಿ ಹಾಂಗ್‌ಜಾಂಗ್ ಜೊತೆ ಯಾನ್‌ತಾಯ್‌ನಲ್ಲಿ ಮಾಡಿಕೊಂಡ ಒಡಂಬಡಿಕೆಯಲ್ಲಿ ಯೀಚಾಂಗ್, ವೂಹು, ವೆನ್‌ಜೋ ಮತ್ತು ಬೇಹಾಯ್ ಎಂಬ ನಾಲ್ಕು ಹೊಸ ಬಂದರುಗಳು ಸೇರಿಕೊಂಡವು. ಎಲ್ಲಿಯೋ ಗುಡ್ಡಗಾಡಿನಲ್ಲಿ ನಡೆದ ಕೊಲೆಗೆ ದಂಡವಾಗಿ ಕಡಲ ದಂಡೆಯ ಮೀನುಗಾರರ ಊರೊಂದು ತೆರೆದುಕೊಂಡಿತು. 1877ರ ಏಪ್ರಿಲ್‌ನಲ್ಲಿ ಅಲ್ಲಿ ಸುಂಕದ ಕಚೇರಿ ಶುರುವಾಯಿತು. ತಮಾಷೆಯ ಸಂಗತಿಯೆಂದರೆ, ಚೀನಾ ಬಂದರುಗಳನ್ನು ತೆರೆದುಕೊಟ್ಟ ಮೇಲೂ ಬ್ರಿಟನ್ ಆ ಒಡಂಬಡಿಕೆಗೆ ಅಂತಿಮ ಒಪ್ಪಿಗೆ ಕೊಡಲು 1885ರ ಪೂರಕ ಒಪ್ಪಂದದ ತನಕ ಎಳೆದಾಡಿತು. ಕಾರಣ ಅಫೀಮಿನ ಮೇಲಿನ ಒಳನಾಡು ತೆರಿಗೆ. ಅದಕ್ಕೆ ಮುಂದೆ ಬರುತ್ತೇನೆ.

ಬೇಹಾಯ್‌ಗೆ ವಿದೇಶಿ ವಸಾಹತು ಇರಲಿಲ್ಲ ಎಂಬುದನ್ನು ನೀವು ಪುಸ್ತಕದ ಮೊದಲ ಪುಟಗಳಲ್ಲೇ ಹೇಳಿಬಿಡಬೇಕು. ಬ್ರಿಟಿಷರ ಸ್ವಂತ ವಸಾಹತುಗಳಿದ್ದದ್ದು ತಿಯಾನ್‌ಜಿನ್, ಹಾನ್‌ಕೋ, ಜಿಯುಜಿಯಾಂಗ್, ಜೆನ್‌ಜಿಯಾಂಗ್‌ಗಳಂಥ ಕೆಲವೇ ಕಡೆ. ಬೇಹಾಯ್‌ನಲ್ಲಿ ನೆಲ ಚೀನಾದ್ದು, ಪೊಲೀಸು ಚೀನಾದ್ದು, ಊರಿನ ನ್ಯಾಯ ಹೇಪು ಕೌಂಟಿಯ ಮ್ಯಾಜಿಸ್ಟ್ರೇಟನದು. ಅಂದಿಗೆ ಅದು ಗುವಾಂಗ್‌ಡಾಂಗ್ ಪ್ರಾಂತಕ್ಕೆ ಸೇರಿತ್ತು. ಇಂದಿನ ನಕ್ಷೆಯಲ್ಲಿ ಗುವಾಂಗ್ಶಿಯಲ್ಲಿದೆ. ಹಳೆಯ ದಾಖಲೆ ಓದುವಾಗ ಇದು ನಿಮ್ಮನ್ನು ದಾರಿ ತಪ್ಪಿಸಬಾರದು. ‘ಆಳಿದರು’ ಎಂಬ ಕ್ರಿಯಾಪದ ಇಲ್ಲಿ ಸಲ್ಲುವುದಿಲ್ಲ.

ಹಾಗಾದರೆ ಕಾನ್ಸಲ್ ಏಕೆ ಬೇಕಿತ್ತು? ಒಪ್ಪಂದಗಳ ಪ್ರಕಾರ ಬ್ರಿಟಿಷ್ ಪ್ರಜೆಯೊಬ್ಬ ಚೀನಾದ ನೆಲದಲ್ಲಿ ತಪ್ಪು ಮಾಡಿದರೆ ಅವನ ವಿಚಾರಣೆ ನಡೆಸಬೇಕಾದವನು ಅವನದೇ ದೇಶದ ಕಾನ್ಸಲ್. ಈ ನ್ಯಾಯಾಧಿಕಾರದ ಹಕ್ಕು ಕಾಗದದ ಮೇಲೆ ಉಳಿಯಬೇಕಾದರೆ ಅದನ್ನು ಚಲಾಯಿಸುವವನೊಬ್ಬ ಬಂದರಿನಲ್ಲಿ ಇರಲೇಬೇಕು, ಪ್ರಜೆಗಳು ಮೂವರಿರಲಿ ಮುನ್ನೂರಿರಲಿ. ಹೀಗಾಗಿ ಸಣ್ಣ ಬಂದರಿನ ಕಾನ್ಸಲನಿಗೆ ನ್ಯಾಯಪೀಠ ಇತ್ತು, ಕಕ್ಷಿದಾರರು ಇರಲಿಲ್ಲ. ಅವನ ದಿನ ಕಳೆಯುತ್ತಿದ್ದದ್ದು ಹಡಗಿನ ಕಾಗದ ನೋಡುವುದರಲ್ಲಿ, ಪಾಸ್‌ಪೋರ್ಟಿಗೆ ಸಹಿ ಹಾಕುವುದರಲ್ಲಿ, ಮಿಷನರಿಗಳ ಜಾಗದ ತಕರಾರು ಕೇಳುವುದರಲ್ಲಿ ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಪತ್ರ ಬರೆಯುವುದರಲ್ಲಿ. ವೆನ್‌ಜೋದಲ್ಲಿ 1884ರ ಅಕ್ಟೋಬರ್ 4ರಂದು, ಚೀನಾ–ಫ್ರಾನ್ಸ್ ಯುದ್ಧದ ಕಾವಿನಲ್ಲಿ, ಜನ ಮಿಷನ್ ಮನೆಗಳಿಗೆ ಬೆಂಕಿ ಇಟ್ಟಾಗ ಕಾನ್ಸಲ್ ಹುದ್ದೆಯಲ್ಲಿದ್ದವನು ಎಡ್ವರ್ಡ್ ಹಾರ್ಪರ್ ಪಾರ್ಕರ್. ಇವತ್ತು ಅವನನ್ನು ನೆನೆಯುವವರು ಚೀನೀ ಉಪಭಾಷೆಗಳ ಅಧ್ಯಯನಕ್ಕಾಗಿ ನೆನೆಯುತ್ತಾರೆ. ಸಣ್ಣ ಬಂದರಿನ ಬಿಡುವು ಯಾವುದಕ್ಕೆ ಒದಗಿಬರುತ್ತಿತ್ತು ಎಂಬುದಕ್ಕೆ ಅದೂ ಒಂದು ಸಾಕ್ಷಿ.

ಪತ್ರವ್ಯವಹಾರದಲ್ಲಿ ದರ್ಜೆಯ ಪ್ರಶ್ನೆ ಎಷ್ಟು ಸೂಕ್ಷ್ಮವಾಗಿತ್ತು ಎಂಬುದನ್ನು ಸರ್ಕಾರಿ ಕಚೇರಿಯಲ್ಲಿ ದುಡಿದ ನಿಮಗೆ ನಾನು ವಿವರಿಸಬೇಕಾಗಿಲ್ಲ. 1858ರ ಒಪ್ಪಂದದ ಏಳನೆಯ ವಿಧಿ ಕಾನ್ಸಲ್‌ನನ್ನು ‘ದಾವ್‌ತಾಯ್’ ಎಂಬ ಅಧಿಕಾರಿಯ ಸಮಾನ ದರ್ಜೆಗೆ ಇಟ್ಟಿತು. ದಾವ್‌ತಾಯ್ ಎಂದರೆ ಹಲವು ಜಿಲ್ಲೆಗಳ ಮೇಲಿನ ವಲಯಾಧಿಕಾರಿ, ಹೆಚ್ಚುಕಡಿಮೆ ನಮ್ಮ ವಿಭಾಗೀಯ ಕಮಿಷನರ್ ಇದ್ದಂತೆ. ಉಪಕಾನ್ಸಲ್ ಮತ್ತು ದುಭಾಷಿ ಒಂದು ಮೆಟ್ಟಿಲು ಕೆಳಗೆ, ಜಿಲ್ಲೆಯ ಅಧಿಕಾರಿಯಾದ ಪ್ರಿಫೆಕ್ಟ್‌ನ ಸಮಕ್ಕೆ. ಅದೇ ಒಪ್ಪಂದದ ಐವತ್ತೊಂದನೆಯ ವಿಧಿ ಬ್ರಿಟಿಷರನ್ನು ಕುರಿತು ಚೀನೀ ಅಧಿಕೃತ ಪತ್ರಗಳಲ್ಲಿ ‘ಯೀ’ ಎಂಬ ಅಕ್ಷರ ಬಳಸಬಾರದೆಂದು ನಿಷೇಧಿಸಿತು. ಆ ಅಕ್ಷರವನ್ನು ಬ್ರಿಟಿಷರು ‘ಅನಾಗರಿಕ’ ಎಂದು ಓದಿಕೊಂಡಿದ್ದರು. ಎರಡು ಸಾಮ್ರಾಜ್ಯಗಳ ಒಪ್ಪಂದದಲ್ಲಿ ಒಂದೇ ಒಂದು ಅಕ್ಷರಕ್ಕೆ ಒಂದು ಇಡೀ ವಿಧಿ ಮೀಸಲು. ಸಣ್ಣ ಬಂದರಿನಲ್ಲಿ ಯಾರು ಯಾರ ಮನೆಗೆ ಮೊದಲು ಭೇಟಿ ಕೊಡಬೇಕು, ಪತ್ರದ ಒಕ್ಕಣೆ ಮನವಿಯಂತೆ ಇರಬೇಕೋ ಸಮಾನರ ಪತ್ರದಂತೆ ಇರಬೇಕೋ ಎಂಬ ಜಗಳಗಳು ಕಾನ್ಸಲ್‌ಗಳ ಕಡತಗಳಲ್ಲಿ ಸಿಕ್ಕರೆ ಅವನ್ನು ಹಗುರವಾಗಿ ತಳ್ಳಿಹಾಕಬೇಡಿ. ಅಲ್ಲಿ ವ್ಯಾಪಾರಕ್ಕಿಂತ ಹೆಚ್ಚು ಪಣಕ್ಕಿದ್ದದ್ದು ಅದೇ.

ಈಗ ಸುಂಕದ ಇಲಾಖೆ. ಇದನ್ನು ಬ್ರಿಟಿಷ್ ಸರ್ಕಾರದ ಇಲಾಖೆ ಎಂದು ಬರೆದ ಕನ್ನಡ ಲೇಖನಗಳನ್ನೂ ನಾನು ನೋಡಿದ್ದೇನೆ, ಅದು ತಪ್ಪು. 1854ರಲ್ಲಿ ಶಾಂಘೈನಲ್ಲಿ ಬಂಡಾಯದ ಗೊಂದಲದ ನಡುವೆ ಹುಟ್ಟಿಕೊಂಡ ಈ ವ್ಯವಸ್ಥೆ ಕ್ರಮೇಣ ಚೀನಾ ಸಾಮ್ರಾಜ್ಯದ ಕಡಲ ಸುಂಕ ಇಲಾಖೆಯಾಯಿತು. ಐರ್ಲೆಂಡಿನ ರಾಬರ್ಟ್ ಹಾರ್ಟ್ 1863ರಿಂದ 1911ರಲ್ಲಿ ಸಾಯುವ ತನಕ ಅದರ ಮಹಾ ನಿರೀಕ್ಷಕ. ಅವನು 1864ರ ಜೂನ್‌ನಲ್ಲಿ ಹೊರಡಿಸಿದ ಪ್ರಸಿದ್ಧ ಸುತ್ತೋಲೆಯ ಸಾರ ಇಷ್ಟು: ಇದು ಚೀನಾದ ಸೇವೆ, ವಿದೇಶಿ ಸೇವೆಯಲ್ಲ, ಆದ್ದರಿಂದ ಚೀನೀ ಅಧಿಕಾರಿಗಳ ಮತ್ತು ಜನರ ಮನಸ್ಸು ನೋಯದಂತೆ ನಡೆದುಕೊಳ್ಳುವುದು ನೌಕರರ ಕರ್ತವ್ಯ. ಇಂಥ ಮಾತನ್ನು ಸುತ್ತೋಲೆಯಲ್ಲಿ ಹೇಳಬೇಕಾಗಿ ಬಂತು ಎಂದರೆ ನೌಕರರು ಹಾಗೆ ನಡೆದುಕೊಳ್ಳುತ್ತಿರಲಿಲ್ಲ ಎಂದೂ ಅರ್ಥ, ಅದನ್ನು ನೀವು ಓದಿಕೊಳ್ಳಬಲ್ಲಿರಿ.

ನಿಮ್ಮ ವೃತ್ತಿಯ ಕಣ್ಣಿಗೆ ಬೇಗ ಹಿಡಿಯುವ ಸಂಗತಿ ಇನ್ನೊಂದಿದೆ. ಪ್ರತಿ ಬಂದರಿನಲ್ಲಿ ಸುಂಕಕ್ಕೆ ಇಬ್ಬರು ಮುಖ್ಯಸ್ಥರಿದ್ದರು. ವಿದೇಶಿ ಕಮಿಷನರ್ ಸರಕು ಪರೀಕ್ಷಿಸಿ, ದರ ಕಟ್ಟಿ, ಎಷ್ಟು ಸುಂಕ ಎಂದು ಚೀಟಿ ಬರೆದುಕೊಡುತ್ತಿದ್ದ. ಹಣವನ್ನು ಮಾತ್ರ ಅವನು ಮುಟ್ಟುತ್ತಿರಲಿಲ್ಲ. ವರ್ತಕ ಆ ಚೀಟಿ ಹಿಡಿದು ಸುಂಕದ ಬ್ಯಾಂಕಿಗೆ ಹೋಗಿ ಬೆಳ್ಳಿ ತೂಗಿ ಕೊಡಬೇಕು. ಆ ಬ್ಯಾಂಕು ಚೀನೀ ಸೂಪರಿಂಟೆಂಡೆಂಟನ ಅಧೀನ. ಆ ಸೂಪರಿಂಟೆಂಡೆಂಟ್ ಅನೇಕ ಬಂದರುಗಳಲ್ಲಿ ದಾವ್‌ತಾಯ್‌ನೇ ಆಗಿರುತ್ತಿದ್ದ. ಲೆಕ್ಕ ಒಬ್ಬನದು, ಥೈಲಿ ಇನ್ನೊಬ್ಬನದು. ಈ ಏರ್ಪಾಟು 1911ರ ಕ್ರಾಂತಿಯ ತನಕ ನಡೆಯಿತು. ಸಾಮ್ರಾಜ್ಯ ಕುಸಿದಾಗ ಸಾಲ ಕೊಟ್ಟಿದ್ದ ವಿದೇಶಿ ಬ್ಯಾಂಕುಗಳ ಒತ್ತಾಯದಿಂದ ಹಣವೂ ಮಹಾ ನಿರೀಕ್ಷಕನ ಕೈಗೆ ಹೋಯಿತು. ಆದ್ದರಿಂದ 1911ಕ್ಕೆ ಹಿಂದಿನ ಬೇಹಾಯ್ ಬಗ್ಗೆ ‘ಸುಂಕದ ಹಣ ಬ್ರಿಟಿಷರ ಪಾಲಾಯಿತು’ ಎಂದು ಬರೆದರೆ ಅದು ವಾಸ್ತವಕ್ಕೆ ವಿರುದ್ಧ. ಹಾಗೆಂದು ಇಲಾಖೆಯನ್ನು ಪೂರ್ತಿ ನಿಷ್ಪಕ್ಷಪಾತ ಎಂದೂ ಹೇಳಲಾಗದು. 1898ರಲ್ಲಿ, ತನ್ನ ವ್ಯಾಪಾರ ಇತರ ದೇಶಗಳಿಗಿಂತ ಹೆಚ್ಚಿರುವ ತನಕ ಮಹಾ ನಿರೀಕ್ಷಕ ಬ್ರಿಟಿಷನೇ ಆಗಿರಬೇಕು ಎಂಬ ಮಾತನ್ನು ಬ್ರಿಟನ್ ಚೀನಾದಿಂದ ಪಡೆದುಕೊಂಡಿತು. ಸುಂಕದ ದರವನ್ನು ಒಪ್ಪಂದಗಳು ಬೆಲೆಯ ನೂರಕ್ಕೆ ಐದರ ಸುತ್ತ ಕಟ್ಟಿಹಾಕಿದ್ದವು; ಅದನ್ನು ಏರಿಸುವ ಸ್ವಾತಂತ್ರ್ಯ ಚೀನಾಕ್ಕೆ ಇರಲಿಲ್ಲ. ಅನ್ಯಾಯ ಇದ್ದದ್ದು ದರದಲ್ಲಿ ಮತ್ತು ನ್ಯಾಯಾಧಿಕಾರದಲ್ಲಿ. ಕಚೇರಿಯಲ್ಲಿ ಕುಳಿತವನ ಮೈಬಣ್ಣದಲ್ಲಿ ಅದನ್ನು ಹುಡುಕಿದರೆ ಸಿಗುವುದಿಲ್ಲ.

ಚೀನೀ ಅಧಿಕಾರಿಗಳು ಕೈಕಟ್ಟಿ ಕುಳಿತಿದ್ದರೇ ಎಂದು ಕೇಳಿದ್ದೀರಿ. ಇದಕ್ಕೆ ಉತ್ತರಿಸಲು ಒಂದು ನೂಲಿನ ಬೇಲನ್ನು ಹಿಂಬಾಲಿಸೋಣ.

ಬೇಹಾಯ್‌ಗೆ ಬರುತ್ತಿದ್ದ ಮುಖ್ಯ ಸರಕುಗಳಲ್ಲಿ ಒಂದು ಹತ್ತಿಯ ನೂಲು, ಅದರಲ್ಲೂ ಬಾಂಬೆಯ ಗಿರಣಿಗಳ ನೂಲು. ಹಾಂಗ್‌ಕಾಂಗ್‌ನಿಂದ ಉಗಿಹಡಗಿನಲ್ಲಿ ಬರುತ್ತಿದ್ದ ಬೇಲು ಸಾಮಾನ್ಯವಾಗಿ 400 ಪೌಂಡ್ ತೂಗುತ್ತಿತ್ತು. ಚೀನಾದ ಪಿಕಲ್ ಎಂದರೆ 133⅓ ಪೌಂಡ್. ಬೇಲು ಸರಿಯಾಗಿ ಮೂರು ಪಿಕಲ್. 1858ರ ದರಪಟ್ಟಿಯಲ್ಲಿ ನೂಲಿಗೆ ಪಿಕಲ್‌ಗೆ 7 ಮೇಸ್. ಹತ್ತು ಮೇಸ್‌ಗೆ ಒಂದು ಟೇಲ್ ಬೆಳ್ಳಿ. ಎಂದರೆ ಬೇಲಿಗೆ 2 ಟೇಲ್ 1 ಮೇಸ್ ಆಮದು ಸುಂಕ. ಚೀನೀ ವರ್ತಕ ಇದನ್ನು ಬಂದರಿನಲ್ಲೇ ಕಟ್ಟಿದ. ಮುಂದೆ ಸರಕು ನಾನ್‌ನಿಂಗ್‌ಗೂ, ಅಲ್ಲಿಂದ ದೋಣಿಯಲ್ಲಿ ಬೈಸೆಗೂ, ಬೈಸೆಯಿಂದ ಹೇಸರಗತ್ತೆಗಳ ಬೆನ್ನಿನ ಮೇಲೆ ಯುನ್ನಾನ್‌ಗೂ ಹೋಗಬೇಕು. ದಾರಿಯುದ್ದಕ್ಕೂ ಲಿಜಿನ್ ಕಟ್ಟೆಗಳು. ತಾಯ್‌ಪಿಂಗ್ ಬಂಡಾಯ ಅಡಗಿಸುವ ಸೈನ್ಯದ ಖರ್ಚಿಗೆಂದು 1853ರಲ್ಲಿ ಶುರುವಾದ ಈ ಒಳನಾಡು ತೆರಿಗೆ ಮೊದಲಿಗೆ ನೂರಕ್ಕೆ ಒಂದರಷ್ಟಿತ್ತು. ಬಂಡಾಯ ಅಡಗಿದರೂ ತೆರಿಗೆ ಅಡಗಲಿಲ್ಲ, 1931ರ ತನಕ ಉಳಿಯಿತು. ಕಟ್ಟೆಯೊಂದರಲ್ಲಿ ಅಲ್ಪವಾದರೂ ದಾರಿ ಮುಗಿಯುವ ಹೊತ್ತಿಗೆ ಮೊತ್ತ ಬೆಳೆದಿರುತ್ತಿತ್ತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳುವ ಬದಲು ವರ್ತಕ ಒಪ್ಪಂದ ಕೊಟ್ಟ ಒಂದು ಕಾಗದವನ್ನು ಕೊಳ್ಳುತ್ತಿದ್ದ: ಆಮದು ಸುಂಕದ ಅರ್ಧ, ಅಂದರೆ ಬೇಲಿಗೆ 1.05 ಟೇಲ್ ಹೆಚ್ಚಿಗೆ ಕಟ್ಟಿ ಪಡೆಯುವ ಸಾಗಣೆ ಪಾಸು. ಅದನ್ನು ತೋರಿಸಿದರೆ ದಾರಿಯ ಯಾವ ಕಟ್ಟೆಯಲ್ಲೂ ಲಿಜಿನ್ ಇಲ್ಲ. ಒಟ್ಟು ಖರ್ಚು 3.15 ಟೇಲ್. ಈ ಪಾಸನ್ನು ವಿದೇಶಿ ಸರಕಿಗೆ ಯಾವ ದೇಶದ ವರ್ತಕ ಬೇಕಾದರೂ ಪಡೆಯಬಹುದೆಂದು 1876ರ ಒಡಂಬಡಿಕೆ ಸ್ಪಷ್ಟಪಡಿಸಿತ್ತು.

ಲಿಜಿನ್ ಹೋಗುತ್ತಿದ್ದದ್ದು ಪ್ರಾಂತದ ಬೊಕ್ಕಸಕ್ಕೆ. ಕಡಲ ಸುಂಕದ ಮೇಲೆ ಬೀಜಿಂಗ್‌ಗೆ ಮೊದಲ ಹಕ್ಕು. ಪಾಸು ಮಾರಾಟವಾದಷ್ಟೂ ಪ್ರಾಂತದ ಹಣ ಕಡಿಮೆಯಾಗುತ್ತಿತ್ತು. ಕಾನ್ಸಲ್‌ಗಳು ‘ಸ್ಥಳೀಯ ಅಧಿಕಾರಿಗಳು ಒಪ್ಪಂದಕ್ಕೆ ಅಡ್ಡಿ ಮಾಡುತ್ತಿದ್ದಾರೆ’ ಎಂದು ಬರೆದಾಗಲೆಲ್ಲ ಅದರ ಹಿಂದೆ ಇದ್ದದ್ದು ಹೆಚ್ಚಾಗಿ ಈ ಬೊಕ್ಕಸದ ಲೆಕ್ಕ. ವಿದೇಶಿಯರ ಮೇಲಿನ ದ್ವೇಷ ಎಂದು ಬಗೆಯುವುದು ಅವಸರ. ಪ್ರಾಂತದ ಅಧಿಕಾರಿಗಳ ಉಪಾಯಗಳನ್ನು ಗಮನಿಸಿ. ಕೆಲವು ಕಡೆ ಲಿಜಿನ್ ದರವನ್ನೇ ಪಾಸಿನ ಬೆಲೆಗಿಂತ ಕೆಳಕ್ಕೆ ಇಳಿಸಿ ವರ್ತಕರನ್ನು ತಮ್ಮ ಕಟ್ಟೆಗೆ ಸೆಳೆದುಕೊಂಡರು. ಮತ್ತೆ ಕೆಲವು ಕಡೆ, ದಾರಿಯಲ್ಲಿ ಪಾಸನ್ನು ಗೌರವಿಸಿ, ಸರಕು ತಲುಪಿ ಪಾಸಿನ ಅವಧಿ ಮುಗಿದ ಕ್ಷಣದಲ್ಲಿ ‘ಇಳಿದ ಸರಕಿನ ತೆರಿಗೆ’ ಎಂದು ಹಾಕಿದರು. ಒಪ್ಪಂದದ ಅಕ್ಷರಕ್ಕೆ ಭಂಗವಿಲ್ಲ, ಆದಾಯಕ್ಕೂ ನಷ್ಟವಿಲ್ಲ. ಗುವಾಂಗ್‌ಡಾಂಗ್‌ನಲ್ಲಿ ಹಾಯಿಹಡಗುಗಳ ಸರಕಿಗೆ ಹಳೆಯ ದೇಶೀ ಸುಂಕದ ಕಟ್ಟೆಗಳು ಉಗಿಹಡಗಿನ ಸರಕಿಗಿಂತ ಕಡಿಮೆ ದರ ಹಾಕಿದ್ದೂ ಇದೇ ತಂತ್ರ. ಇದನ್ನೆಲ್ಲ ಓದಿದ ಮೇಲೆ ಆ ಅಧಿಕಾರಿಗಳನ್ನು ಕೈಗೊಂಬೆಗಳು ಎನ್ನಲು ನನಗೆ ಮನಸ್ಸು ಬಾರದು. ದರ ಕಟ್ಟುವ ಹಕ್ಕನ್ನು ಕಳೆದುಕೊಂಡವರು ಉಳಿದ ಸಂದಿಗಳಲ್ಲಿ ಬಹಳ ಜಾಣತನದಿಂದ ಆಡಿದರು.

ವರ್ತಕರೂ ಕಡಿಮೆಯವರಲ್ಲ. ಒಳನಾಡಿನಿಂದ ರಫ್ತಿಗೆ ತರುವ ಸರಕಿನ ಪಾಸು ಬಹುಕಾಲ ವಿದೇಶಿಯರಿಗೆ ಮಾತ್ರ ಮೀಸಲಾಗಿದ್ದರಿಂದ ವಿದೇಶಿಯ ಹೆಸರನ್ನು ಬಾಡಿಗೆಗೆ ಪಡೆಯುವ ದಂಧೆ ಹಲವು ಬಂದರುಗಳಲ್ಲಿ ಬೆಳೆಯಿತು. ಕಾನ್ಸಲ್‌ಗೆ ಇದು ಇಕ್ಕಟ್ಟು: ಒಪ್ಪಿಕೊಂಡರೆ ಸುಳ್ಳಿಗೆ ಮುದ್ರೆ ಒತ್ತಿದಂತೆ, ನಿರಾಕರಿಸಿದರೆ ತನ್ನ ಬಂದರಿನ ‘ಬ್ರಿಟಿಷ್ ವ್ಯಾಪಾರ’ದ ಅಂಕಿಯೇ ಕುಸಿದಂತೆ.

ಈಗ ಅಂಕಿಗಳ ವಿಷಯ. ಪೌಂಡು ಮತ್ತು ಟೇಲ್ ಬೇರೆ ಬೇರೆ ಕಥೆ ಹೇಳುವುದು ಬೆಳ್ಳಿಯ ಬೆಲೆ ಕುಸಿದ ಕಾರಣ. ಸುಂಕದ ಟೇಲ್ 1870ರ ದಶಕದ ಆರಂಭದಲ್ಲಿ ಆರೂವರೆ ಶಿಲ್ಲಿಂಗ್‌ಗಳ (ಪೌಂಡಿಗೆ ಇಪ್ಪತ್ತು ಶಿಲ್ಲಿಂಗ್) ಆಸುಪಾಸಿನಲ್ಲಿತ್ತು. 1902ರ ಹೊತ್ತಿಗೆ ಎರಡೂವರೆ ಶಿಲ್ಲಿಂಗ್‌ಗಳಿಗೆ ತುಸು ಮೇಲೆ. ಅಷ್ಟೇ ಬೇಲುಗಳು ಅಷ್ಟೇ ಟೇಲ್‌ಗೆ ಮಾರಾಟವಾದರೂ ಪೌಂಡಿನ ಲೆಕ್ಕದಲ್ಲಿ ವ್ಯಾಪಾರ ಅರ್ಧಕ್ಕೂ ಕೆಳಗೆ ಇಳಿದಂತೆ ಕಾಣುತ್ತದೆ. ಟೇಲ್ ಅಂಕಿಯನ್ನೂ ಕಣ್ಣುಮುಚ್ಚಿ ನಂಬಬೇಡಿ, ಬೆಲೆಗಳು ಏರಿರುತ್ತವೆ. ಸಾಧ್ಯವಿದ್ದಲ್ಲೆಲ್ಲ ಮೊತ್ತ ಬಿಟ್ಟು ಪಿಕಲ್‌ಗಳ ಲೆಕ್ಕ ಹಿಡಿಯಿರಿ. ಎಷ್ಟು ನೂಲು, ಎಷ್ಟು ಚಕ್ರಮೊಗ್ಗು, ಎಷ್ಟು ನೀಲಿ, ಎಷ್ಟು ತೊಗಲು. ತೂಕ ಇಷ್ಟು ಸುಳ್ಳು ಹೇಳುವುದಿಲ್ಲ.

ಇನ್ನೊಂದು ಬಲೆಗೆ ನಾನೇ ಬಿದ್ದಿದ್ದೇನೆ. ವೃತ್ತಿಯ ಆರಂಭದಲ್ಲಿ ತೆಂಕಣ ಚೀನಾದ ಕೋಷ್ಟಕಗಳನ್ನು ಒಟ್ಟುಮಾಡುವಾಗ 1887ರಲ್ಲಿ ಅಂಕಿಗಳು ಜಿಗಿದದ್ದನ್ನು ಕಂಡು ವ್ಯಾಪಾರ ಬೆಳೆಯಿತೆಂದು ಅರ್ಧ ಅಧ್ಯಾಯ ಬರೆದಿದ್ದೆ. ಬೆಳೆದದ್ದು ಲೆಕ್ಕ. ಆ ವರ್ಷ ಹಾಂಗ್‌ಕಾಂಗ್ ಮತ್ತು ಮಕಾವ್ ಸುತ್ತ ಕೌಲೂನ್, ಲಾಪಾ ಎಂಬ ಹೊಸ ಸುಂಕದ ಕಚೇರಿಗಳು ತೆರೆದು, ಅದುವರೆಗೆ ಕಡಲ ಸುಂಕದ ಪುಸ್ತಕಕ್ಕೆ ಬಾರದಿದ್ದ ಹಾಯಿಹಡಗುಗಳ ಸರಕು ಪುಸ್ತಕಕ್ಕೆ ಬಂತು. ಅದೇ ವರ್ಷ ಫೆಬ್ರವರಿಯಿಂದ ಅಫೀಮಿಗೆ ಪಿಕಲ್‌ಗೆ 30 ಟೇಲ್ ಆಮದು ಸುಂಕದ ಜೊತೆಗೆ 80 ಟೇಲ್ ಲಿಜಿನ್ ಸೇರಿಸಿ 110 ಟೇಲ್ ಅನ್ನು ಬಂದರಿನಲ್ಲೇ ವಸೂಲು ಮಾಡಲು ಶುರುಮಾಡಿದರು. ಮೇಲೆ ಹೇಳಿದ 1885ರ ಪೂರಕ ಒಪ್ಪಂದದ ಫಲ ಇದು. ಮಾಲ್ವಾ ಮತ್ತು ಬಿಹಾರದ ಅಫೀಮು ಇದರಿಂದ ಹೆಚ್ಚಾಗಿ ಬಂತೆಂದಲ್ಲ, ತೆರಿಗೆ ಕಟ್ಟುವ ಜಾಗ ಬದಲಾಯಿತು. ಮತ್ತೆ 1901ರಲ್ಲಿ, ವಿದೇಶಿಯರ ವಿರುದ್ಧದ ಬಾಕ್ಸರ್ ದಂಗೆಯ ದಂಡವಾದ 45 ಕೋಟಿ ಟೇಲ್ ತೀರಿಸಲು, ಬಂದರುಗಳಿಂದ 50 ಲೀ ದೂರದೊಳಗಿನ ದೇಶೀ ಸುಂಕದ ಕಟ್ಟೆಗಳನ್ನೂ ಕಡಲ ಸುಂಕ ಇಲಾಖೆಗೆ ವಹಿಸಿದರು; ಲೀ ಎಂದರೆ ಸುಮಾರು ಅರ್ಧ ಕಿಲೋಮೀಟರ್. 1887 ಮತ್ತು 1901 ಎಂಬ ಈ ಎರಡು ಗೆರೆಗಳನ್ನು ದಾಟಿ ಅಂಕಿಗಳನ್ನು ಹೋಲಿಸುವ ಮುನ್ನ ಏನು ಎಣಿಸಿದ್ದಾರೆ ಎಂದು ನೋಡಿಕೊಳ್ಳಿ.

ಇಷ್ಟೆಲ್ಲ ತಿದ್ದಿಕೊಂಡ ಮೇಲೂ ಬೇಹಾಯ್ ಹಿಂದೆ ಬಿದ್ದದ್ದು ನಿಜ. ಕಾರಣ ಅಧಿಕಾರಿಗಳಲ್ಲ, ದಾರಿ. 1889ರಲ್ಲಿ ಯುನ್ನಾನ್‌ನ ಮೆಂಗ್‌ಜಿ ತೆರೆದ ಮೇಲೆ ಆ ಪ್ರಾಂತಕ್ಕೆ ಹೋಗುವ ಸರಕು ಫ್ರೆಂಚರ ತೊಂಕಿನ್ (ಇಂದಿನ ಉತ್ತರ ವಿಯೆಟ್ನಾಂ) ಮೂಲಕ, ಹೈಫಾಂಗ್‌ನಿಂದ ಕೆಂಪು ನದಿ ಹಿಡಿದು ಸಾಗಿತು. 1897ರಲ್ಲಿ ಪಶ್ಚಿಮ ನದಿಯ ವೂಜೋ ತೆರೆದು ಗುವಾಂಗ್ಶಿಯ ಸರಕನ್ನು ನೀರಿನ ದಾರಿಗೆ ಸೆಳೆಯಿತು. ಮರುವರ್ಷ ಫ್ರಾನ್ಸ್ ಗುವಾಂಗ್‌ಜೋವಾನ್ ಕೊಲ್ಲಿಯನ್ನು ಗುತ್ತಿಗೆ ಪಡೆದು ಸುಂಕವಿಲ್ಲದ ಬಂದರು ಮಾಡಿತು. ತಲೆಹೊರೆಯಲ್ಲಿ ಬೆಟ್ಟ ಹತ್ತಿಸಬೇಕಾದ ದಾರಿಗೆ ಇವುಗಳೊಡನೆ ಪೈಪೋಟಿ ಸಾಧ್ಯವಿರಲಿಲ್ಲ.

ಇನ್ನು ನಿಮ್ಮ ಮುಂದಿರುವ ದಾರಿಗಳು. ಬೇಹಾಯ್ ಅನ್ನೇ ಮುಂದುವರಿಸಿದರೆ ಆಧಾರಗಳಿಗೆ ಕೊರತೆಯಿಲ್ಲ: ಸುಂಕ ಇಲಾಖೆಯ ವಾರ್ಷಿಕ ವರದಿಗಳು, 1882–91ರಿಂದ ಶುರುವಾಗುವ ಹತ್ತು ವರ್ಷಗಳ ವರದಿಗಳು, ಬ್ರಿಟಿಷ್ ಕಾನ್ಸಲ್‌ಗಳ ವರದಿಗಳು, ಎಲ್ಲವೂ ಇಂಗ್ಲಿಷಿನಲ್ಲಿವೆ. ಅಪಾಯ ಇರುವುದೂ ಅಲ್ಲೇ. ಎಲ್ಲವನ್ನೂ ಬರೆದವರು ಕಚೇರಿಯ ಒಂದೇ ಬದಿಯ ಜನ. ವರ್ತಕನ ಮತ್ತು ಲಿಜಿನ್ ಅಧಿಕಾರಿಯ ಮಾತು ನಿಮಗೆ ಈ ವರದಿ ಬರೆದವರ ದೂರುಗಳ ಮೂಲಕವೇ ಕೇಳಿಸುತ್ತದೆ. ಕಾನ್ಸಲ್ ಮತ್ತು ಕಮಿಷನರ್ ಒಂದೇ ಘಟನೆಯ ಬಗ್ಗೆ ಬರೆದದ್ದನ್ನು ಎದುರುಬದುರು ಇಟ್ಟು ಓದಿದರೆ ಈ ದೋಷ ಸ್ವಲ್ಪ ತಗ್ಗುತ್ತದೆ, ಏಕೆಂದರೆ ಒಬ್ಬ ಬ್ರಿಟನ್ನಿನ ನೌಕರ, ಇನ್ನೊಬ್ಬ ಚೀನಾದ ನೌಕರ. ಇಬ್ಬರೂ ಬ್ರಿಟಿಷರಾದರೂ ಮಾತು ಒಂದೇ ಇರುವುದಿಲ್ಲ. ನಾನ್‌ಜಿಂಗ್‌ನ ಎರಡನೆಯ ಐತಿಹಾಸಿಕ ದಾಖಲಾಲಯದಲ್ಲಿ ಇಲಾಖೆಯ ಮೂಲ ಕಡತಗಳಿವೆ. ನಿಮ್ಮ ಪುಸ್ತಕದ ಅಳತೆಗೆ ಅಲ್ಲಿಯ ತನಕ ಹೋಗಬೇಕಾಗಿಲ್ಲ. ಆದರೆ ಚೀನೀ ಬಲ್ಲ ಒಬ್ಬರಿಂದ ಊರಿನ ಸ್ಥಳೀಯ ಚರಿತ್ರೆಯ ಕೆಲವು ಪುಟಗಳನ್ನಾದರೂ ಓದಿಸಿಕೊಳ್ಳದೆ ಅಧಿಕಾರಿಗಳ ಅಧ್ಯಾಯ ಬರೆಯಬೇಡಿ.

ಎರಡನೆಯ ದಾರಿ ಯಾದೋಂಗ್. ಟಿಬೆಟ್–ಸಿಕ್ಕಿಂ ಗಡಿಯ ಈ ಒಪ್ಪಂದದ ‘ಬಂದರು’ ಸಮುದ್ರವನ್ನೇ ಕಾಣದ ಕಣಿವೆ; 1894ರ ಮೇ 1ರಂದು ತೆರೆಯಿತು. ಮೊದಲ ಐದು ವರ್ಷ ಅಲ್ಲಿ ವ್ಯಾಪಾರಕ್ಕೆ ಸುಂಕವೇ ಇರಲಿಲ್ಲ. ಆದರೂ ಸುಂಕದ ಕಮಿಷನರ್ ಒಬ್ಬ ಕುಳಿತಿದ್ದ. ಟಿಬೆಟನ್ನರು ಕಣಿವೆಗೆ ಅಡ್ಡಲಾಗಿ ಗೋಡೆ ಕಟ್ಟಿ ಆಚೆಗೆ ಯಾರನ್ನೂ ಬಿಡಲಿಲ್ಲ. ಸುಂಕದವನಾಗಿದ್ದ ನಿಮಗೆ ಇದಕ್ಕಿಂತ ರುಚಿಯಾದ ವಸ್ತು ಸಿಗದು, ಭಾರತದ ದಾಖಲಾಲಯಗಳಲ್ಲೂ ಸಾಮಗ್ರಿಯಿದೆ. ಆದರೆ ಅಲ್ಲಿ ವ್ಯಾಪಾರದ ಕಥೆ ಬಹಳ ತೆಳು, ಗಡಿ ರಾಜಕೀಯ ಬಹಳ ದಪ್ಪ. 1904ರ ಸೈನಿಕ ದಂಡಯಾತ್ರೆ ಬಂದು ನಿಮ್ಮ ಪುಸ್ತಕವನ್ನು ನುಂಗಿಬಿಡುತ್ತದೆ. ವೆನ್‌ಜೋ, ಯುನ್ನಾನ್‌ನ ತೆಂಗ್‌ಯುಯೆಗಳಿಗೂ ಹೆಚ್ಚುಕಡಿಮೆ ಇದೇ ತೊಡಕು: ಒಂದೊಂದು ನಾಟಕೀಯ ಘಟನೆ ಉಳಿದೆಲ್ಲದರ ಮೇಲೆ ನೆರಳು ಚೆಲ್ಲುತ್ತದೆ. ನನ್ನ ಆಯ್ಕೆ ಬೇಹಾಯ್, ಅದೂ 1877ರಿಂದ 1911ರ ತನಕ ಮಾತ್ರ.

ಹೆಸರುಗಳ ಬಗ್ಗೆ ಎರಡು ಮಾತು. ಹಳೆಯ ವರದಿಗಳಲ್ಲಿ ಬೇಹಾಯ್ ‘ಪಖೋಯ್’ ಆಗಿದೆ, ಯೀಚಾಂಗ್ ‘ಇಚಾಂಗ್’ ಆಗಿದೆ. ಒಪ್ಪಂದದಲ್ಲಿ ಹೆಸರಿಸಿದ ಊರು ಒಂದು, ಹಡಗು ನಿಂತ ಊರು ಇನ್ನೊಂದು ಎಂಬುದೂ ಉಂಟು: ಹಾಯ್‌ನಾನ್ ದ್ವೀಪದಲ್ಲಿ ಒಪ್ಪಂದ ಹೇಳಿದ್ದು ಚಿಯೊಂಗ್‌ಜೋ ಪಟ್ಟಣ, ಕಚೇರಿ ನಡೆದದ್ದು ಹಾಯ್‌ಕೋದಲ್ಲಿ. ಮೊದಲೇ ಒಂದು ಪಟ್ಟಿ ಮಾಡಿಟ್ಟುಕೊಳ್ಳದಿದ್ದರೆ ಒಂದೇ ಬಂದರನ್ನು ಎರಡು ಸಲ ಎಣಿಸುವ ಅಪಾಯವಿದೆ.

ಸುಂಕ ಇಲಾಖೆಯ ಕಾಗದಗಳಲ್ಲಿ ವ್ಯಾಪಾರಕ್ಕೆ ಸಂಬಂಧಿಸದ ಒಂದು ಸಾಲನ್ನು ಹುಬ್ಬಳ್ಳಿಯವರಾದ ನಿಮಗಾಗಿ ತೋರಿಸುತ್ತೇನೆ. ಇಲಾಖೆ ತನ್ನ ಬಂದರುಗಳ ವೈದ್ಯರಿಂದಲೂ ವರದಿ ಬರೆಸುತ್ತಿತ್ತು. 1882ರಲ್ಲಿ ಬೇಹಾಯ್‌ನ ವೈದ್ಯ ಲೌರಿ ಅಲ್ಲಿಯ ಗಡ್ಡೆ ಜ್ವರವನ್ನು, ಅಂದರೆ ಪ್ಲೇಗನ್ನು, ವರ್ಣಿಸುತ್ತ, ರೋಗ ಕಾಣಿಸಿಕೊಂಡ ಮನೆಗಳಲ್ಲಿ ಇಲಿಗಳು ಬಿಲದಿಂದ ಹೊರಬಂದು ನೆಲದ ಮೇಲೆ ಸಾಯುತ್ತಿದ್ದವು ಎಂದು ದಾಖಲಿಸಿದ. ಹನ್ನೆರಡು ವರ್ಷಗಳ ನಂತರ ಆ ಪ್ಲೇಗು ಹಾಂಗ್‌ಕಾಂಗ್ ತಲುಪಿತು, 1896ರಲ್ಲಿ ಬಾಂಬೆ, 1898ರ ಹೊತ್ತಿಗೆ ನಿಮ್ಮ ಹುಬ್ಬಳ್ಳಿಯೂ ನಮ್ಮ ಬೆಂಗಳೂರೂ ಅದರ ಹಾದಿಯಲ್ಲಿದ್ದವು. ಬಾಂಬೆಯ ನೂಲು ಹೋದ ಕಡಲಿನಲ್ಲೇ ಅದು ತಿರುಗಿ ಬಂತು.

ಬೇಹಾಯ್‌ಗೆ ಹೋಗುವ ಅವಕಾಶ ಸಿಕ್ಕರೆ, 1883ರ ಸುಂಕದ ಕಟ್ಟಡವನ್ನೂ 1885ರ ಬ್ರಿಟಿಷ್ ಕಾನ್ಸಲ್ ಕಚೇರಿಯನ್ನೂ ನೋಡಿ ಬನ್ನಿ. ಕಾನ್ಸಲ್ ಕಚೇರಿ ಈಗ ಹಳೆಯ ಜಾಗದಲ್ಲಿಲ್ಲ. 1999ರಲ್ಲಿ ರಸ್ತೆ ಅಗಲ ಮಾಡುವಾಗ ಅದನ್ನು ಕೆಡವದೆ, ಇಡೀ ಕಟ್ಟಡವನ್ನು ಬುಡಸಮೇತ ಎತ್ತಿ ಐವತ್ತೈದು ಮೀಟರ್‌ಗಳಷ್ಟು ಪಕ್ಕಕ್ಕೆ ಸರಿಸಿದರು. ಹಳೆಯ ನಕ್ಷೆಯನ್ನು ಹಿಡಿದುಕೊಂಡು ಹುಡುಕುವುದಾದರೆ ಅಷ್ಟು ಹೆಜ್ಜೆ ಈಶಾನ್ಯಕ್ಕೆ ನಡೆಯಬೇಕು.